ಹಾರ ಹಾಕಿದ ಫೋಟೋ

ಸತ್ತವಳು ಎದುರಿನ ಸೀಟಿನಲ್ಲಿ ಕೂತು ಉಪ್ಪುಖಾರ ಹಚ್ಚಿದ ಪೇರಲ ಹಣ್ಣು ತಿನ್ನುತ್ತಿದ್ದಳು.

ಸುಹಾಸಿನಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಲಿಂಗಂಪಲ್ಲಿಯಿಂದ ಹೊರಟ ಲೋಕಲ್ ರೈಲು ಬೋರಬಂಡಾ ದಾಟಿತ್ತು. ಬೆಳಗಿನ ಗದ್ದಲ. ಆದರೆ ಆ ಮುಖ ಸುಳ್ಳಲ್ಲ. ಇಪ್ಪತ್ತು ದಿನಗಳ ಹಿಂದೆ ಎರಡು ತಾಸು ಅದೇ ಮುಖವನ್ನು ಫೋನಿನಲ್ಲಿ ಹಿಗ್ಗಿಸಿ, ಕುಗ್ಗಿಸಿ ತಿದ್ದಿದ್ದಳು. ಎಡಹುಬ್ಬನ್ನು ಸೀಳಿದ ಗೆರೆ ಇದ್ದಲ್ಲೇ ಇತ್ತು.

ಫೋನಿನಲ್ಲಿ ಚಿತ್ರ ತೆಗೆದು ತಿದ್ದುವುದು ಸುಹಾಸಿನಿಗೆ ಹುಚ್ಚು. ಕೂಸನ್ನು ಚಂದ್ರನ ಮೇಲೆ ಮಲಗಿಸುವಳು, ಮಳೆಹನಿಯೊಳಗೆ ಚಾರ್‌ಮಿನಾರ್ ನಿಲ್ಲಿಸುವಳು. ಊರಿನ ಕನ್ನಡದವರ ಮನೆಗಳಲ್ಲಿ ಸಾವಾದರೆ ಹಾರ ಹಾಕುವ ಫೋಟೋ ಮಾಡಿಕೊಡುವವಳೂ ಅವಳೇ. ಯಾವುದೋ ಮದುವೆಯ ಗುಂಪಿನಿಂದ ಮುಖವೊಂದನ್ನು ಎತ್ತಿ, ನಗು ಕೆಡದಂತೆ ಚೌಕಟ್ಟಿಗೆ ಕೂರಿಸುವಳು. ಪುಣ್ಯದ ಕೆಲಸವೆಂದು ನಂಬಿದ್ದಳು.

ಈ ಹೆಂಗಸಿನ ಚಿತ್ರ ಗುರುತಿಲ್ಲದ ನಂಬರಿನಿಂದ ಬಂದಿತ್ತು. ಜೊತೆಗೆ ಒಂದು ಸಂದೇಶ. "ಇವರು ತೀರಿಕೊಂಡಾರ್ರಿ. ಗೋಡಿ, ಹಾರ, ದೀಪ ಎಲ್ಲಾ ನೀವ ಕೂಡಿಸಿ, ಖರೇ ಅನ್ನಿಸೋಹಂಗ ಮಾಡಿಕೊಡ್ರಿ. ಪ್ರಿಂಟ್ ಬ್ಯಾಡ." ಮನೆಯ ಬಾಗಿಲ ಮುಂದೆ ನಿಂತ ಚಿತ್ರ. ಕಣ್ಣಿನ ಕೆಳಗೆ ನೀಲಿ ನೆರಳು. ಕೆಟ್ಟ ಬೆಳಕೆಂದುಕೊಂಡು ಸುಹಾಸಿನಿ ಅದನ್ನು ಬೆರಳ ತುದಿಯಿಂದ ಒರೆಸಿಬಿಟ್ಟಿದ್ದಳು.

ಬದುಕಿರುವವಳಿಗೆ ಹಾರ ಹಾಕಿಸಿದವನು ಯಾರು? ಹಾರ ಮೊದಲು, ಸಾವು ಆಮೇಲೆ ಎಂದು ಗೊತ್ತುಮಾಡಿಕೊಂಡವನೇ?

ಫೋನು ಎತ್ತಿ ಒಂದು ಚಿತ್ರ ತೆಗೆದಳು. ಅದು ಹೆಂಗಸಿನ ಕಣ್ಣಿಗೆ ಬಿತ್ತು. ಹಣ್ಣು ಕೈಯಿಂದ ಜಾರಿತು. ದುಪಟ್ಟಾ ಮುಖಕ್ಕೆಳೆದುಕೊಂಡು, ಬೇಗಂಪೇಟೆಯಲ್ಲಿ ರೈಲು ಪೂರ್ತಿ ನಿಲ್ಲುವ ಮೊದಲೇ ಧುಮುಕಿದಳು. ಸುಹಾಸಿನಿ ಬಾಗಿಲತ್ತ ನುಗ್ಗಿದಳು. ತಾನೂ ಇಳಿಯುವಷ್ಟರಲ್ಲಿ ಜನಜಂಗುಳಿ ಅವಳನ್ನು ನುಂಗಿತ್ತು.

ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕುಸಿದು ಆ ನಂಬರಿಗೆ ಬರೆದಳು: "ನೀವು ಸತ್ತಾರ ಅಂದವರು ಬದುಕ್ಯಾರ. ನೀವ್ಯಾರು?" ಒಂದೇ ಟಿಕ್ಕು. ಫೋನು ಹಚ್ಚಿದರೆ ಸ್ವಿಚ್ ಆಫ್. ಕಡೆಗೆ ಗಂಡನಿಗೆ ಹಚ್ಚಿದಳು.

"ಸತ್ತವರು ಟಿಕೆಟ್ ತಗೊಂಡು ಲೋಕಲ್‌ನ್ಯಾಗ ಅಡ್ಡಾಡ್ತಾರೇನ?" ಪ್ರಾಣೇಶ ನಕ್ಕ. "ನಿನ್ನ ಎಡಿಟಿಂಗ್ ನಿನ್ನ ತಲಿಗೇ ಏರೇದ."

"ನಗಬ್ಯಾಡ್ರೀ. ಅಕಿನ್ನ ಯಾರೋ ಕೊಲ್ಲವ್ರಿದ್ದಾರ. ಹಾರ ನನ್ನ ಕೈಲೇ ಮಾಡಿಸ್ಯಾರ."

"ಹಂಗಾದ್ರ ಪೊಲೀಸರಿಗೆ ಹೇಳು."

"ಏನಂತ ಹೇಳ್ಲಿ? ಸತ್ತಾಕಿ ಪೇರಲ ಹಣ್ಣು ತಿನ್ನಾಕತ್ತಿದ್ಲು ಅಂತನ?"

ಫೋನಿಟ್ಟು, ರೈಲಿನಲ್ಲಿ ತೆಗೆದ ಚಿತ್ರವನ್ನು ಹಿಗ್ಗಿಸಿದಳು. ಮಸುಕು ತೆಗೆದಳು, ಬೆಳಕು ಏರಿಸಿದಳು. ಕೊರಳಿನ ಗುರುತಿನ ಚೀಟಿಯ ಮೇಲೆ ಬೇಗಂಪೇಟೆಯ ಒಂದು ಬಟ್ಟೆ ಅಂಗಡಿಯ ಹೆಸರು ಮೂಡಿತು. ಹಳೆಯ ಚಿತ್ರವನ್ನೂ ತೆರೆದಳು. ಅಂದು ಕತ್ತರಿಸಿ ಬಿಟ್ಟಿದ್ದ ಬಾಗಿಲಿನ ಮೇಲೆ ‘ಕಾಶಿನಾಥ, ಸಿ-403’ ಎಂಬ ಫಲಕ, ಪಕ್ಕದ ನೋಟಿಸು ಹಲಗೆಯಲ್ಲಿ ಕೊಂಡಾಪುರದ ಅಪಾರ್ಟ್‌ಮೆಂಟಿನ ಹೆಸರು. ಅಂಗಡಿಯಲ್ಲಿ ಅವಳು ತನ್ನನ್ನು ಕಂಡರೆ ಮತ್ತೆ ಓಡುವಳು. ಅವಳ ಮನೆಯವರಿಗಾದರೂ ಹೇಳಬೇಕು.

ಆಟೋದಲ್ಲಿ ದಾರಿಯುದ್ದಕ್ಕೂ ರಾಯರ ನಾಮ ಜಪಿಸಿದಳು. ನಾಲ್ಕನೆಯ ಮಹಡಿ. ಗಂಟೆಯ ಮೇಲೆ ಬೆರಳಿಟ್ಟು ತೆಗೆದಳು, ಮತ್ತೆ ಇಟ್ಟಳು. ಬಾಗಿಲು ತೆರೆಯುವವನೇ ಕೊಲೆಗಡುಕನಾಗಿದ್ದರೆ?

ಗಡ್ಡ ಬೆಳೆದ, ಸೊರಗಿದ ಗಂಡಸು ಬಾಗಿಲು ತೆರೆದ.

"ಈ ಮನ್ಯಾಗ ಒಬ್ರು ಹೆಣ್ಣುಮಗಳು… ಹುಬ್ಬಿನ ಮ್ಯಾಲ ಗೆರಿ…"

"ಧನಶ್ರೀ. ನನ್ನ ಹೆಂಡ್ತಿ." ಅವನು ಬಾಗಿಲಿಗೊರಗಿದ. "ಹೋಗಿಬಿಟ್ಟಳ್ರಿ." ತನ್ನ ಫೋನು ತೋರಿಸಿದ. ಸುಹಾಸಿನಿಯೇ ಕಟ್ಟಿದ ಗೋಡೆ, ಅವಳೇ ಕೂರಿಸಿದ ಹಾರ, ಅವಳೇ ಹಚ್ಚಿದ ದೀಪ. "ಹೊಳ್ಯಾಗ ಬಿದ್ದಳಂತ. ತವರಿನವರು ಎಲ್ಲಾ ಮುಗಿಸಿ ನನಗ ಇದೊಂದು ಫೋಟೋ ಕಳಿಸಿದ್ರು. ಮುಖಾನೂ ತೋರಿಸಲಿಲ್ರಿ." ಅವನ ಕಣ್ಣು ತುಂಬಿದವು.

ಹಾಗಾದರೆ ಕಳಿಸಿದವನು ಇವನಲ್ಲ. ಸುಹಾಸಿನಿಯ ಎದೆಯ ಕಲ್ಲು ಅರ್ಧ ಇಳಿಯಿತು.

"ಅಳಬ್ಯಾಡ್ರಿ. ನಿಮ್ಮ ಹೆಂಡ್ತಿ ಜೀವಂತ ಇದ್ದಾರ. ಇವತ್ತ ಮುಂಜಾನೆ ನೋಡೇನಿ. ಅವರ ಜೀವಕ್ಕ ಏನೋ ಅಪಾಯ ಅದ, ಲಗೂನ ಹೋಗ್ರಿ."

ಅವನ ಅಳು ನಿಂತಿತು.

"ಎಲ್ಲಿ?"

ಅವಳು ರೈಲಿನ ಚಿತ್ರ ತೋರಿಸಿದಳು, ಅಂಗಡಿಯ ಹೆಸರು ಓದಿ ಹೇಳಿದಳು.

"ನನಗ ಕಳಿಸ್ರಿ."

ಕಳಿಸಿದಳು. ಕಾಶಿನಾಥ ಎರಡು ಬೆರಳಿನಿಂದ ಹೆಂಡತಿಯ ಮುಖವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ.

"ಭಾಳ ಚಂದ ಬಂದದ," ಎಂದ ಮೆಲ್ಲಗೆ. "ಇನ್ನೊಮ್ಮೆ ಅಕಿನ್ನ ಕೈಬಿಡಾಂಗಿಲ್ರಿ. ನಿಮ್ಮ ಉಪಕಾರ ಮರಿಯಾಂಗಿಲ್ಲ, ಅಕ್ಕಾರ."

ಒಳಗೆ ಹೋಗಿ ಬಂದ. ಲಿಫ್ಟಿಗೂ ಕಾಯದೆ ಮೆಟ್ಟಿಲು ಇಳಿದ. ಬಾಗಿಲು ತೆರೆದೇ ಉಳಿಯಿತು.

ಸುಹಾಸಿನಿ ಗೋಡೆಗೊರಗಿ ಕೈಮುಗಿದಳು. ಒಂದು ಜೀವ ಉಳಿಯಿತು. ಕೆಳಗೆ ಬೈಕು ಸದ್ದು ಮಾಡಿ ಗೇಟು ದಾಟಿತು.

ಅವಳ ಫೋನು ಮಿಡಿಯಿತು. ಅದೇ ನಂಬರು.

"ಕೈ ಮುಗೀತೀನಿ ಅಕ್ಕಾರ, ಅಕಿ ಬದುಕ್ಯಾಳಂತ ಯಾರ ಮುಂದನೂ ಅನ್ನಬ್ಯಾಡ್ರಿ, ಅಕಿ ನಮ್ಮಕ್ಕ, ನೀವು ಮಾಡಿದ ಫೋಟೋ ನೋಡಿದ ಮ್ಯಾಲನ ಅಕಿ ಗಂಡ ಚಾಕು ಹಿಡ್ಕೊಂಡು ಹುಡುಕೋದು ಬಿಟ್ಟಾನ."