ಆಯುಧ ಪೂಜೆಗೆ ಬಿಚ್ಚಿದ ಗಿಟಾರು

"ಯಾರ್ರೀ ಇದನ್ನ ಬಿಚ್ಚಿದ್ದು?"

ಲಾವಣ್ಯ ಕೂಗಿದ ರಭಸಕ್ಕೆ ಜಗಲಿ ಮೇಲಿನ ಬೆಕ್ಕು ಎದ್ದು ಓಡಿತು. ಚಾಪೆಯ ಮೇಲೆ ಅವಳ ಎಲೆಕ್ಟ್ರಿಕ್ ಗಿಟಾರು ಬಿದ್ದಿತ್ತು. ಒಂದು ತಂತಿಯೂ ಇಲ್ಲ. ತಂತಿ ಕಚ್ಚಿ ಹಿಡಿಯುವ ಕಬ್ಬಿಣದ ಬ್ರಿಡ್ಜು ಹಿಂದಕ್ಕೆ ವಾಲಿ ಗುಳಿಯೊಳಗೆ ಕುಸಿದಿತ್ತು. ಅದಕ್ಕೆ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವು ಬೇರೆ.

"ನಾನೇ," ಎಂದ ಗಂಡ ಅಂಜಿನಮೂರ್ತಿ, ಆಟೊ ತೊಳೆದ ಕೈ ಒರೆಸಿಕೊಳ್ಳುತ್ತ. "ಆಯುಧ ಪೂಜೆ ಅಲ್ವೇನೇ? ಬಿಚ್ಚಿ ತೊಳೀದೆ ಪೂಜೆ ಹೆಂಗೆ ಮಾಡೋದು? ಬೋಲ್ಟೆಲ್ಲ ಪೆಟ್ರೋಲಲ್ಲಿ ತಿಕ್ಕಿವ್ನಿ. ಫಳಫಳ ಅಂತೈತೆ ನೋಡು."

"ಇದೇನು ನಿಮ್ಮ ಆಟೊ ಇಂಜಿನ್ನಾ? ಹಿಂದ್ಗಡೆ ಸ್ಪ್ರಿಂಗು ಎಳೀತದೆ, ಮುಂದ್ಗಡೆ ತಂತಿ ಎಳೀತದೆ. ಆ ಜಗಳದಲ್ಲೇ ಬ್ರಿಡ್ಜು ನೆಟ್ಟಗೆ ನಿಂತಿರೋದು. ಒಂದು ತಂತಿ ಬಿಚ್ಚಿದ್ರೆ ಮಿಕ್ಕಿದ್ದೆಲ್ಲ ಶ್ರುತಿ ಬುಡ್ತವೆ. ನೀವು ಎಲ್ಲಾನೂ ಕಿತ್ತಾಕ್ಬುಟ್ರಲ್ಲ!"

ಸಂಜೆ ಶಿರಾದ ಆಟೊ ಸ್ಟ್ಯಾಂಡಿನಲ್ಲಿ ಆರ್ಕೆಸ್ಟ್ರಾ. ಲಾವಣ್ಯ ವೇದಿಕೆ ಹತ್ತುವುದು ಇದೇ ಮೊದಲು. ಆರ್ಕೆಸ್ಟ್ರಾ ನಡೆಸುವ ಪ್ರಭುದೇವ್ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದ: "ಶ್ರುತಿ ಸರಿ ಇದ್ರೆ ಹತ್ತು. ಇಲ್ಲಾಂದ್ರೆ ಕೆಳಗೇ ಕೂತ್ಕೊ ಕಣಮ್ಮ, ಕೀಬೋರ್ಡಲ್ಲೇ ಮುಗಿಸ್ತೀನಿ."

ಲಾವಣ್ಯ ಬ್ಯಾಗಿನಿಂದ ಹೊಸ ತಂತಿಗಳನ್ನು ತೆಗೆದಳು. "ಬ್ರಿಡ್ಜಿನ ಅಡಿಗೆ ಕೊಡೋಕೆ ಏನಾದ್ರೂ ತನ್ನಿ. ತಂತಿ ಬಿಗಿಯೋವರ್ಗೂ ಎತ್ತಿ ಹಿಡೀಬೇಕು." ಸ್ಪ್ಯಾನರ್ ತಂದ, ದಪ್ಪವಾಯಿತು. ಹಳೇ ಚಪ್ಪಲಿಯ ತುಂಡು ತಂದ. "ಪೂಜೆ ಮಾಡಿರೋದಕ್ಕೆ ಚಪ್ಪಲೀನಾ?" ಎಂದು ಬೈಸಿಕೊಂಡ. ಕೊನೆಗೆ ಪೂಜೆ ತಟ್ಟೆಯಲ್ಲಿದ್ದ ಒಣಕೊಬ್ಬರಿ ಚೂರು ಸರಿಯಾಗಿ ಕೂತಿತು.

"ನಾನೊಂದು ಬೋಲ್ಟು ತಿರುವ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ."

ತಂತಿ ಬಿಗಿದು ಶ್ರುತಿ ಕೂಡಿಸುವಷ್ಟರಲ್ಲಿ ಮಧ್ಯಾಹ್ನದ ಊಟವೂ ತಪ್ಪಿತು. ಲಾವಣ್ಯ ಕಣ್ಣು ಮುಚ್ಚಿ ಕೊಬ್ಬರಿ ಎಳೆದಳು. ಬ್ರಿಡ್ಜು ಸ್ವಲ್ಪ ಅಲುಗಿ, ನೆಟ್ಟಗೆ ನಿಂತಿತು. ಮೀಟಿದಳು. ಶ್ರುತಿ ಕದಲಿರಲಿಲ್ಲ. ಅಂಜಿನಮೂರ್ತಿ ಕೊಬ್ಬರಿಯನ್ನು ಬಾಯಿಗೆ ಹಾಕಿಕೊಂಡ. ಅವಳು ಬೋಲ್ಟು ತಿರುವುವ ಅಲೆನ್ ಕೀ ಹಿಡಿದು, ಶ್ರುತಿ ಜಾರದ ಹಾಗೆ ತಂತಿಗಳನ್ನು ಗಿಟಾರಿನ ಕತ್ತಿನಲ್ಲಿ ಬೀಗ ಹಾಕಿದಂತೆ ಬಿಗಿದಳು.

ಸಂಜೆ ಬಾಳೆಕಂದು ಕಟ್ಟಿದ ಆಟೊಗಳ ನಡುವೆ ಅವಳ ಸರದಿ ಬಂತು. ಹಾಡಿನ ನಡುವೆ ಲಾವಣ್ಯ ಬ್ರಿಡ್ಜಿಗೆ ಸಿಕ್ಕಿಸಿದ್ದ ಕಬ್ಬಿಣದ ಕಡ್ಡಿ ಹಿಡಿದು ಒತ್ತಿದಳು. ಬ್ರಿಡ್ಜು ವಾಲಿ ತಂತಿಗಳೆಲ್ಲ ಸಡಿಲಾದವು. ನಾದ ಜಾರಿ ಜಾರಿ ಪಾತಾಳಕ್ಕೆ ಇಳಿಯಿತು.

"ಹೋಯ್ತಲ್ಲೋ ಮೂರ್ತಿ!" ಎಂದು ಸ್ಟ್ಯಾಂಡಿನ ಅಧ್ಯಕ್ಷ ಜಯಕುಮಾರ್ ಎದ್ದು ನಿಂತ. "ನಿನ್ನ ಹೆಂಡ್ತಿ ಗಿಟಾರು ಬಿಚ್ಕೊಂಬುಡ್ತು!"

ಲಾವಣ್ಯ ಕಡ್ಡಿ ಬಿಟ್ಟಳು. ನಾದ ಎದ್ದು ಬಂದು ಹೊರಟ ಜಾಗದಲ್ಲೇ ಕೂತಿತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಪ್ರಭುದೇವ್ ಕೀಬೋರ್ಡಿನಿಂದ ಕೈ ತೆಗೆದು ಅವಳನ್ನೇ ನೋಡಿದ.

ಆಟೊಗಳ ಹಾರ್ನುಗಳು ಒಟ್ಟಿಗೆ ಕೂಗಿಕೊಂಡವು. ಜಯಕುಮಾರ್ ಕುರ್ಚಿ ಹತ್ತಿ ನಿಂತು ಅರಚಿದ: "ಬೀಳ್ಸು ಅಕ್ಕೋ! ಇನ್ನೊಂದ್ಸಲ ಬೀಳ್ಸು!"