ಇಳಿಸಿದ ತಂತಿ

ಗಿಟಾರಿನ ಮೇಲೆ ಬೆರಳಾಡಿಸಿದ್ದೇ ತಡ, ಮಾಜೋಂಡಿಯ ಹುಬ್ಬು ಗಂಟಿಕ್ಕಿತು. “ಯಾರೋ ಇದನ್ನ ಮುಟ್ಟಿದ್ದು?”

“ನಾನೇ ಅಮ್ಮಾ,” ಎಂದ ಲ್ವಾಂಡಿಲೆ, ಕಂಪ್ಯೂಟರಿನಿಂದ ಕಣ್ಣು ಕೀಳದೆ. ಉಮ್ಲಾಝಿ ಊರಿನ ಟ್ಯಾಕ್ಸಿಗಳಲ್ಲೆಲ್ಲ ಗುಡುಗುವ ಕಂಪ್ಯೂಟರ್ ಸಂಗೀತವನ್ನು ಅವನು ಈ ಗ್ಯಾರೇಜಿನಲ್ಲೇ ಕೂಡಿಸುತ್ತಿದ್ದ. ಹೊಸ ಹಾಡಿಗೆ ಹಳೇ ಕಾಲದ ಮಸ್ಕಂದಿ ಶೈಲಿಯ ಗಿಟಾರ್ ಬೇಕೆಂದು, ಅದರಲ್ಲಿ ಪಳಗಿದ ಅವಳನ್ನು ಕರೆಸಿದ್ದ. “ನೀವು ಟೀ ಕುಡೀತಿದ್ರಲ್ಲ, ಆಗ ಫೋನಿಟ್ಟು ಶ್ರುತಿ ನೋಡ್ದೆ. ತೆಳ್ಳನೆ ತಂತಿ ಸಡಿಲ ಆಗಿತ್ತು. ಸರಿ ಮಾಡ್ದೆ.”

“ಸಡಿಲ ಆಗಿತ್ತಾ? ಇಳಿಸಿದ ತಂತಿ ಕಣೋ ಅದು! ನಮ್ಮಪ್ಪ ಇಳಿಸ್ತಿದ್ದ, ಅವರಪ್ಪನೂ ಇಳಿಸ್ತಿದ್ದ. ಅದು ಇಳೀದೆ ಮಸ್ಕಂದಿ ಎಲ್ಲಿಂದ ಬರುತ್ತೆ? ನನ್ನ ಮೂಗೂ ಸೊಟ್ಟಗಿದೆ, ಅದನ್ನೂ ಫೋನಿಟ್ಟು ನೆಟ್ಟಗೆ ಮಾಡ್ತೀಯಾ?”

“ತಪ್ಪು ಅಂತ ಫೋನು ಕೆಂಪು ತೋರಿಸ್ತು ಅಮ್ಮಾ...”

“ಏರಿಸಿದೋನು ನೀನು, ನೀನೇ ಇಳಿಸು. ನಿಂಗೆ ಕಿವಿ ಅಂತ ಒಂದಿದ್ಯೋ ಇಲ್ವೋ ನೋಡೇಬಿಡ್ತೀನಿ.” ಗಿಟಾರನ್ನು ಅವನ ತೊಡೆಯ ಮೇಲೆ ಕುಕ್ಕಿದಳು.

ಲ್ವಾಂಡಿಲೆ ಫೋನನ್ನು ಎದುರಿಗಿಟ್ಟುಕೊಂಡು, ತಂತಿ ಮೀಟುತ್ತ ಬಿರಡೆ ತಿರುಗಿಸತೊಡಗಿದ. ಪರದೆಯ ಹಸಿರು ಹೋಗಿ ಕೆಂಪು ಬಂತು. ಅವಳ ಕಣ್ಣು ಸಿಟ್ಟಿನಿಂದ ಉರಿಯುತ್ತಲೇ ಇತ್ತು. ಅವನು ಇನ್ನೂ ಇಳಿಸಿದ. ಒಂದು ಕಡೆ ಅವನ ಕೈ ತಾನಾಗಿ ನಿಂತಿತು.

“ಸಾಕು ಅಂದ್ನಾ ನಾನು? ಯಾಕೋ ನಿಲ್ಲಿಸ್ದೆ?” ಎಂದು ಮಾಜೋಂಡಿ ಗದರಿದಳು.

ಅವನು ಮತ್ತೊಮ್ಮೆ ಮೀಟಿದ. ಸದ್ದು ಪೂರ್ತಿ ಆರುವವರೆಗೂ ತಲೆಯೆತ್ತಲಿಲ್ಲ.

“ನಮ್ಮ ತಾತನ ಗಿಟಾರಿನ ತಂತೀನೂ ಇಲ್ಲೇ ಇರ್ತಿತ್ತು,” ಎಂದವನು, ಇನ್ನೂ ಕೆಂಪು ತೋರಿಸುತ್ತಿದ್ದ ಫೋನನ್ನು ಬೋರಲು ಹಾಕಿದ.