ಕಟ್ಟೆಯ ಮೇಲಿನ ಓಟು

ಎಂಬತ್ಮೂರರ ವಿಧಾನಸಭೆ ಚುನಾವಣೆಯ ದಿನ ಬೆಳಿಗ್ಗೆ ಏಳಕ್ಕೆ, ಕೇರಿಯ ನಲವತ್ತೆರಡು ಮಂದಿಯ ಎಡಗೈ ಬೆರಳಿಗೆ ಗೌಡರ ಕಟ್ಟೆಯ ಮೇಲೆ ಶಾಯಿ ಹಚ್ಚಲಾಯಿತು. ಶಾಲೆಯಲ್ಲಿ ಮತಗಟ್ಟೆ ತೆರೆದದ್ದು ಎಂಟಕ್ಕೆ. ಅಷ್ಟೊತ್ತಿಗೆ ನಲವತ್ತೆರಡು ಮಂದಿಯೂ ಗೌಡರ ಗದ್ದೆಯಲ್ಲಿ ಬಗ್ಗಿ ನೆಲ್ಲಿನ ಸಸಿ ಹಚ್ಚುತ್ತಿದ್ದರು.

ಕರಿಯವ್ವನಿಗೆ ಇದು ನಾಲ್ಕನೇ ಓಟು. ಬೆರಳು ಚಾಚಬೇಕು, ಗೌಡರ ಆಳು ಅಯ್ಯಪ್ಪ ಕಡ್ಡಿ ಅದ್ದಿ ಗೀರಬೇಕು, ಕೈಮುಗಿದು ಗದ್ದೆಗಿಳಿಯಬೇಕು. ಓಟೆಂದರೆ ಇಷ್ಟೇ ಎಂದು ಕೇರಿಗೆ ಕೇರಿಯೇ ತಿಳಿದಿತ್ತು. ಕುಕನೂರಿನಿಂದ ಬಂದ ಆಕೆಯ ಹೊಸ ಸೊಸೆ ಮುದಕಮ್ಮನ ಹೆಸರು ಮಾತ್ರ ಈ ಊರಿನ ಪಟ್ಟಿಗೆ ಇನ್ನೂ ಸೇರಿರಲಿಲ್ಲ. ಆಕೆ ಕೆಸರಿನಲ್ಲಿ ಸೊಂಟ ನೆಟ್ಟಗೆ ಮಾಡಿ ಕೇಳಿದಳು:

“ಅತ್ತಿ, ಪೆಟ್ಟಿಗಿ ಎಲ್ಲಿಟ್ಟಿದ್ರು?”

“ಎಂಥಾ ಪೆಟ್ಟಿಗಿ?”

“ಓಟಿನ ಪೆಟ್ಟಿಗಿಬೇ. ನಮ್ಮೂರಾಗ ಒಂದು ಚೀಟಿ ಕೊಡ್ತಾರ. ಅದರಾಗ ಎಲ್ಲಾರ ಗುರುತೂ ಇರ್ತಾವು. ಬೇಕಾದ್ದರ ಮ್ಯಾಲ ಶಿಕ್ಕಾ ಒತ್ತಿ ಪೆಟ್ಟಿಗ್ಯಾಗ ಹಾಕೂದು. ಶಾಯಿ ಹಚ್ಚೂದು ಮತ್ತೊಮ್ಮಿ ಬರಬಾರದು ಅಂತ.”

“ಬೇಕಾದ್ದು ಅಂದ್ರ, ಯಾರಿಗೆ ಬೇಕಾದ್ದು?”

“ನಿನಗ ಬೇಕಾದ್ದು. ಮತ್ಯಾರಿಗೆ, ಗೌಡನ ಎಮ್ಮಿಗೇನು?”

ಸಾಲಿನ ಹೆಂಗಸರೆಲ್ಲ ನಕ್ಕರು. ಕರಿಯವ್ವ ನಗಲಿಲ್ಲ. ಕೇರಿಯವರು ಹೆಣ ಹೂಳುತ್ತಿದ್ದ ದಿಬ್ಬವನ್ನು ಹೋದ ವರ್ಷ ಗೌಡರು ಸಮ ಮಾಡಿಸಿ ಕಾಲುವೆಯ ನೀರು ಹಾಯಿಸಿದ್ದರು. ಆಕೆಯ ಗಂಡ ದುರುಗಪ್ಪ ಆ ಮಣ್ಣಿನೊಳಗಿದ್ದ. ಈಗ ಓಟಿಗೆ ನಿಂತವನು ಗೌಡರ ಅಳಿಯ. ಆಕೆ ಕೈಯಲ್ಲಿದ್ದ ಸಸಿಯ ಕಟ್ಟನ್ನು ಸೊಸೆಗೆ ಕೊಟ್ಟು ಗದ್ದೆಯಿಂದ ಎದ್ದು ನಡೆದಳು.

ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಮತಗಟ್ಟೆಯೊಳಗೆ ಬಂದವಳನ್ನು ಕಂಡು, ಗೌಡರ ಅಳಿಯನ ಏಜೆಂಟಾಗಿ ಕೂತಿದ್ದ ಅಯ್ಯಪ್ಪ ಎದ್ದು ನಿಂತ. ಮತಗಟ್ಟೆಯ ಅಧಿಕಾರಿ ಬೇರೆ ತಾಲೂಕಿನ ಮಾಸ್ತರು. ಪಟ್ಟಿಯಲ್ಲಿ ಬೆರಳಾಡಿಸಿದರು. ಕರಿಯವ್ವನ ಹೆಸರಿನ ಕೆಳಗೆ ಆಗಲೇ ಗೆರೆ ಬಿದ್ದಿತ್ತು.

“ನಿನ್ನ ಓಟು ಆಗೇತವ್ವ.”

“ಯಾರು ಹಾಕ್ಯಾರ್ರಿ?”

“ನೀನ ಹಾಕೀದಿ. ಬೆರಳು ನೋಡ್ಕೊ.”

“ಇದು ಕಟ್ಟಿ ಮ್ಯಾಲ ಹಚ್ಚಿದ್ದರಿ. ಈ ಮನಷ್ಯಾನ ಹಚ್ಯಾನ, ಕೇಳ್ರಿ ಇವಗ.”

ಅಯ್ಯಪ್ಪ ನಕ್ಕ. “ಮುದುಕಿಗೆ ಅರಳು ಮರಳು, ಸಾಹೇಬ್ರ. ಮುಂಜಾನಿ ಬಂದು ಹಾಕಿ ಹೋಗ್ಯಾಳ. ರುಚಿ ಹತ್ತೇತಿ, ಮತ್ತ ಬಂದಾಳ.”

ಮಾಸ್ತರಿಗೆ ಎಲ್ಲ ತಿಳಿಯಿತು. ಹಿಂದಿನ ದಿನದ ಊಟ ಅವರಿಗೆ ಗೌಡರ ಮನೆಯಿಂದಲೇ ಬಂದಿತ್ತು. ಪಟ್ಟಿ ಮುಚ್ಚಿ ದನಿ ಏರಿಸಿದರು.

“ಎರಡನೇ ಸಲ ಓಟು ಹಾಕಾಕ ಬಂದ್ರ ಜೇಲಿಗೆ ಕಳಸ್ತಾರ, ಗೊತ್ತೈತೇನು? ಸುಮ್ನ ಮನಿಗೆ ಹೋಗು.”

“ಹೋಗ್ತೀನ್ರಿ. ಒಂದನೇದು ಎಲ್ಲೈತಿ ಹೇಳ್ರಿ.”

ಮಾಸ್ತರ ಕಣ್ಣು ತಾನೇ ತಾನಾಗಿ ಮೇಜಿನ ಮೇಲಿದ್ದ ತಗಡಿನ ಪೆಟ್ಟಿಗೆಯ ಕಡೆ ಹೊರಳಿತು. ಕರಿಯವ್ವನೂ ಅದನ್ನು ನೋಡಿದಳು. ಗೌಡರ ಕಡೆಯವನೊಬ್ಬ ಚೀಟಿ ಮಡಚಿಕೊಂಡು ಅದರ ಹತ್ತಿರ ಬರುತ್ತಿದ್ದ. ಆಕೆ ಅವನಿಗಿಂತ ಮುಂಚೆ ಹೋಗಿ ಪೆಟ್ಟಿಗೆಯ ಸೀಳುಬಾಯಿಯ ಮೇಲೆ ಅಂಗೈ ಊರಿ, ಬೆರಳುಗಳಿಂದ ಅದರ ಅಂಚನ್ನು ಬಿಗಿಹಿಡಿದು ನಿಂತುಬಿಟ್ಟಳು.

“ಕೈ ತಗೀಯವ್ವ,” ಅಂದರು ಮಾಸ್ತರು.

“ತಗೀಬೇ ಮುದುಕಿ! ಪೊಲೀಸರನ್ನ ಕರೀಲೇನು?” ಅಯ್ಯಪ್ಪ ಕೂಗಿದ.

“ಕರಿ, ಯಾರನ್ನ ಬೇಕಾದ್ರ ಕರಿ. ನಂದು ಇದರಾಗ ಐತಿ. ಅದನ್ನ ತಗದು ಕೊಡೂತನಕ ಮತ್ತೊಂದು ಒಳಗ ಹೋಗಂಗಿಲ್ಲ.”

ಬಾಗಿಲಲ್ಲಿದ್ದ ಪೊಲೀಸ ಬಂದು ಆಕೆಯ ರಟ್ಟೆ ಹಿಡಿದು ಎಳೆದ. ಕೈಯ ಜೊತೆಗೆ ಪೆಟ್ಟಿಗೆಯೂ ಸರಿದು ಬಂತು.